ತ್ರಿಜ್ಯ, ವ್ಯಾಸಾರ್ಧಂ, ರೇಡಿಯಸ್

ನನಗೊಂದು ಕೆಟ್ಟ ಚಾಳಿಯಿದೆ. ಕಟ್ಟಡದ ನಕ್ಷೆ ನೋಡುತ್ತ ಕೂತರೆ ತುಟಿ ತಾನಾಗಿ ಅಲ್ಲಾಡುತ್ತದೆ, ಆಮೇಲೆ ದನಿಯೂ ಹೊರಡುತ್ತದೆ. ಹಿಮಾಯತ್‌ನಗರದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ತೆಲುಗು ಹುಡುಗಿ ಬಹಳ ದಿನ ಅದನ್ನು ಜಪವೆಂದೇ ತಿಳಿದಿದ್ದಳಂತೆ. ಕೊನೆಗೊಮ್ಮೆ ಭಕ್ತಿಯಿಂದಲೇ ಕೇಳಿದಳು: "ಮೇಡಂ, ತ್ರಿಜ್ಯ ಅಂಟೇ ಏ ದೇವುಡು?" ಯಾವ ದೇವರೂ ಅಲ್ಲಮ್ಮ, ವೃತ್ತದ ನಡುವಿನಿಂದ ಅಂಚಿಗೆ ಎಳೆದ ಗೆರೆ, ನೀನು ರೇಡಿಯಸ್ ಅನ್ನುತ್ತೀಯಲ್ಲ ಅದೇ, ಎಂದೆ. ಅವಳ ಮುಖದ ಮೇಲಿನ ಭಕ್ತಿ ಹೊರಟುಹೋಯಿತು.

ಈ ತ್ರಿಜ್ಯ ನಮ್ಮ ಮನೆಯ ಮಾತಲ್ಲ. ನಮ್ಮದು ತೆಲಂಗಾಣದ ರಾಜಧಾನಿಯಲ್ಲಿ, ಕಾಚಿಗೂಡದ ಹಳೆಯ ಗಲ್ಲಿಯೊಂದರ ಮನೆ. ಮುತ್ತಜ್ಜ ವಿಜಯಪುರದ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದವರು. ಬಂದವರು ತಮ್ಮ ಕನ್ನಡವನ್ನೂ ಹಾಸಿಗೆಯ ಜೊತೆ ಸುತ್ತಿಕೊಂಡು ಬಂದಿದ್ದರು. ಮೂರು ತಲೆಮಾರಿನಲ್ಲಿ ಅದಕ್ಕೆ ಉರ್ದು, ಮರಾಠಿ, ತೆಲುಗು ಎಲ್ಲ ಹತ್ತಿಕೊಂಡವು. ರೊಟ್ಟಿ, ಜ್ವರ, ಹಟ, ಬೇಸರ, ಬೈಗುಳ, ಇವಕ್ಕೆಲ್ಲ ನಮ್ಮ ಮನೆಯ ಕನ್ನಡದಲ್ಲಿ ಧಾರಾಳ ಮಾತುಗಳಿದ್ದವು. ದುಂಡಗಿದ್ದದ್ದಕ್ಕೆಲ್ಲ ಮಾತ್ರ ಒಂದೇ ಮಾತು, 'ಗುಂಡಕ'. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಬೆಂಗಳೂರು ಗಾಡಿಯ ಬೋರ್ಡನ್ನು ತೆಲುಗು ಅಕ್ಷರದ ಹೋಲಿಕೆಯಿಂದ ತಡವಿ ತಡವಿ ಓದಿ, ದೊಡ್ಡ ಪಂಡಿತೆಯ ಹಾಗೆ ಅಜ್ಜಿಯ ಕಡೆ ನೋಡುತ್ತಿದ್ದೆ. ಗಣಿತ ಎಂಬುದು ಇಂಗ್ಲಿಷಿನಲ್ಲಿ ಮಾತ್ರ ಸಿಗುವ ಸಂಕಟ ಎಂದು ನನ್ನ ನಂಬಿಕೆಯಾಗಿತ್ತು.

ನಮ್ಮ ಊರಲ್ಲಿ ಇಂಜಿನಿಯರ್ ಆಗಬೇಕೆಂದು ಯಾರೂ ನಿರ್ಧರಿಸುವುದಿಲ್ಲ, ಅದು ನಿಮಗೂ ಗೊತ್ತು. ದಡಾರದ ಹಾಗೆ ಒಂದು ವಯಸ್ಸಿಗೆ ಅದು ಬರುತ್ತದೆ. ಹತ್ತನೆಯದರ ಪರೀಕ್ಷೆಯ ಮಸಿ ಒಣಗುವ ಮುಂಚೆ ನನ್ನನ್ನು ಒಂದು ಕೋಚಿಂಗ್ ಕಾಲೇಜಿಗೆ ಸೇರಿಸಿದರು. ಕಿಟಕಿಗೆ ಹಲಗೆ ಬಡಿದ ಕೋಣೆಯಲ್ಲಿ ಎರಡು ವರ್ಷ ಕೂತೆ. ಹೊರಗೆ ಬಂದಾಗ ಕೈಯಲ್ಲೊಂದು ರ್‍ಯಾಂಕ್ ಇತ್ತು, ಅದು ಕಂಪ್ಯೂಟರಿನ ತನಕ ಮುಟ್ಟಲಿಲ್ಲ, ಸಿವಿಲ್‌ಗೇ ಸುಸ್ತಾಗಿ ಕೂತಿತು. ಸುದ್ದಿ ತಿಳಿದ ಬಂಧುಗಳು ಸಾವಿನ ಮನೆಗೆ ಬರುವವರಂತೆ ಸದ್ದಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದರು, ಚಹಾ ಬೇಡವೆಂದರು, ಹೋಗುವಾಗ ಅಪ್ಪನ ಭುಜ ಮುಟ್ಟಿದರು. ಸಂತೋಷಪಟ್ಟವಳು ಅಜ್ಜಿ ಒಬ್ಬಳೇ. "ಮನಿ ಕಟ್ಟೂದು ಕಲಸ್ತಾರಂತೇನ? ಛಲೋ ಆತು. ಮದಲ ನಮ್ಮ ಬಚ್ಚಲದ ಗ್ವಾಡಿ ಯಾಕ ಸೋರತೈತಿ ಕೇಳ್ಕೊಂಡ ಬಾ" ಎಂದಳು. ಅದು ಇಂದಿಗೂ ಸೋರುತ್ತಿದೆ.

ಕಾಲೇಜು ಊರ ಹೊರಗಿತ್ತು. ಮೊದಲ ವಾರವೇ ಡ್ರಾಯಿಂಗ್ ಹಾಲಿಗೆ ಕಳಿಸಿದರು. ಉದ್ದನೆಯ ಕೋಣೆ, ಓರೆ ಮೇಜುಗಳು, ಪ್ರತಿಯೊಬ್ಬರ ಹೆಗಲಲ್ಲೂ ಬಿಲ್ಲು ಬತ್ತಳಿಕೆಯಂತೆ ಕಾಗದದ ಕೊಳವೆ. ನನ್ನ ಎಡಗಡೆಯ ಮೇಜಿನವಳಿಗೆ ಪ್ಲಾಸ್ಟಿಕ್ ಕೊಳವೆ ಇರಲಿಲ್ಲ. ಹಸಿರು ಅಂಚಿನ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಹೊಲಿದ ಉದ್ದನೆಯ ಚೀಲವಿತ್ತು, ಬಾಯಿಗೆ ಲಾಡಿ. ಡ್ರಾಯಿಂಗ್ ಕಲಿಸುವ ಮೇಡಂ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು: ಇಷ್ಟು ರೇಡಿಯಸ್ಸಿನ ವೃತ್ತ, ಅದಕ್ಕೆ ಹೊರಗಿನ ಬಿಂದುವಿನಿಂದ ಟ್ಯಾಂಜೆಂಟ್. ನಾವೆಲ್ಲ ಪೆನ್ಸಿಲ್ ಹಿಡಿದೆವು. ಎಡಗಡೆಯವಳು ಹಿಡಿಯಲಿಲ್ಲ. ನನ್ನ ಹಾಳೆಯ ಕಡೆ ಓರೆಗಣ್ಣಿಂದ ನೋಡಿದಳು. ನಾನು ಗೆರೆ ಎಳೆಯುವುದನ್ನು ಕಂಡು, ಉಸಿರು ಬಿಟ್ಟು, ತನ್ನಷ್ಟಕ್ಕೇ ಗೊಣಗಿದಳು:

"ಹಾಂ, ಸ್ಪರ್ಶಕ ಏನ ಇದು. ಹಂಗಂತ ಹೇಳಬಾರದೇನ ಮತ್ತ."

ನಾನು ಪೆನ್ಸಿಲ್ ಕೆಳಗಿಟ್ಟೆ. ಆ ಕಾಲೇಜಿನಲ್ಲಿ ನಮ್ಮ ಮನೆಯ ದನಿ ಕೇಳಿಬರುತ್ತದೆಂದು ನಾನು ಎಣಿಸಿರಲಿಲ್ಲ.

"ಕನ್ನಡದಾಕಿ ಏನ ನೀನು?"

ಅವಳು ಕಳ್ಳತನದಲ್ಲಿ ಸಿಕ್ಕವಳ ಹಾಗೆ ಬೆಚ್ಚಿದಳು. ಆಮೇಲೆ ಇಡೀ ಮುಖ ಅರಳಿತು. "ಹೌದ ಯವ್ವಾ! ನೀ ಎಲ್ಲಿಯಾಕಿ? ಕರ್ನಾಟಕದಾಕಿ?"

"ಕಾಚಿಗೂಡದಾಕಿ."

"ನಾ ಇಲ್ಲೇ ತೆಲಂಗಾಣದಾಕಿ. ಮಕ್ತಲ್ ದಾಟಿ, ಕೃಷ್ಣಾ ನದಿ ಕಡೆ. ನಮ್ಮ ಊರಾಗ ಎಲ್ಲಾರೂ ಕನ್ನಡನ. ಸರಕಾರಿ ಸಾಲಿನೂ ಕನ್ನಡನ."

ಅವಳ ಹೆಸರು ಮಾಣಿಕಮ್ಮ. ಅಪ್ಪ ಶಾಂತಪ್ಪ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಆ ಚೀಲ ಅವರದೇ ಕೈಯದು. ಗಡಿಯ ಈಚೆ, ನಮ್ಮದೇ ರಾಜ್ಯದೊಳಗೆ, ಕನ್ನಡದಲ್ಲಿ ಪಾಠ ಹೇಳುವ ಸರ್ಕಾರಿ ಶಾಲೆಗಳಿವೆ ಎಂಬುದೇ ನನಗೆ ಅಂದು ತಿಳಿದದ್ದು. ಅವಳು ಹತ್ತರ ತನಕ ಅಲ್ಲಿ ಓದಿದ್ದಳು. ಮುಂದೆ ಹತ್ತಿರದಲ್ಲಿ ಕನ್ನಡ ಇರಲಿಲ್ಲ, ಇಂಟರ್, ಅಂದರೆ ಪಿಯುಸಿಯ ಎರಡು ವರ್ಷ, ತೆಲುಗು. ಪ್ರವೇಶ ಪರೀಕ್ಷೆಯನ್ನೂ ತೆಲುಗಿನಲ್ಲೇ ಬರೆದು, ನನಗಿಂತ ಒಳ್ಳೆಯ ರ್‍ಯಾಂಕ್ ತಗೊಂಡು, ಸಿವಿಲ್ಲೇ ಬೇಕೆಂದು ಕೇಳಿ ಬಂದಿದ್ದಳು. ಕೇಳಿ ಬಂದವಳನ್ನು ನಾನು ನೋಡಿದ್ದು ಅವಳೊಬ್ಬಳನ್ನೇ.

"ಹತ್ತನೇತ್ತ ತನಕ ತ್ರಿಜ್ಯ ಇತ್ತು. ಇಂಟರ್‌ನ್ಯಾಗ ಅದ ವ್ಯಾಸಾರ್ಧಂ ಆತು. ಇಲ್ಲಿ ಬಂದ್ರ ರೇಡಿಯಸ್ ಅಂತಾರ. ಗೆರಿ ಅದ ಐತಿ, ನಾ ಮಾತ್ರ ಪ್ರತಿ ಸಲ ಹೊಸದಾಗಿ ಸಾಲಿಗಿ ಸೇರಾಕತ್ತೀನಿ" ಎಂದು ನಕ್ಕಳು.

ಅವಳು ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಮ್ಮ ಮನೆಗೆ ಬರುವ ರೂಢಿಯಾಯಿತು. ಅಜ್ಜಿಗಂತೂ ಅವಳನ್ನು ಕಂಡರೆ ಹಬ್ಬ. ತನ್ನ ಮೊಮ್ಮಗಳಿಗೆ ಹೇಳಿದರೆ ಅರ್ಧ ತಿಳಿಯುತ್ತಿದ್ದ ಗಾದೆಗಳೆಲ್ಲ ಅವಳಿಗೆ ಪೂರ್ತಿ ತಿಳಿಯುತ್ತಿದ್ದವು. "ಬಾರವ್ವಾ ಮಾಣಿಕಾ" ಎಂದು ಜೋಳದ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ಅವಳು ತಿನ್ನುವುದನ್ನೇ ನೋಡುತ್ತ ಕೂರುತ್ತಿದ್ದಳು. ಊಟವಾದ ಮೇಲೆ ನಾವಿಬ್ಬರೂ ನಡುಮನೆಯಲ್ಲಿ ಪುಸ್ತಕ ಹರಡಿಕೊಳ್ಳುತ್ತಿದ್ದೆವು. ನಾನು ಇಂಗ್ಲಿಷ್ ಶಬ್ದ ಹೇಳಬೇಕು, ಅದು ಏನೆಂದು ಬಿಡಿಸಬೇಕು, ಅವಳು ಅದರ ಕನ್ನಡ ಹುಡುಕಬೇಕು. ಫ್ರಿಕ್ಷನ್ ಎಂದರೆ ಘರ್ಷಣೆ. ಇನರ್ಷಿಯಾ ಎಂದರೆ ಜಡತ್ವ. ಕೋನ್ ಎಂದರೆ ಶಂಕು.

ಈ ಆಟದಲ್ಲಿ ಹೆಚ್ಚು ಲಾಭವಾದದ್ದು ನನಗೆ, ಇದು ಹಾಸ್ಯದ ಮಾತಲ್ಲ. ಟ್ಯಾಂಜೆಂಟ್ ಎಂಬುದನ್ನು ನಾನು ವರ್ಷಗಟ್ಟಲೆ ಎಳೆದಿದ್ದೆ, ಅದಕ್ಕೆ ಸೂತ್ರ ಹಾಕಿದ್ದೆ, ಅಂಕ ಪಡೆದಿದ್ದೆ. ಅದು ಮುಟ್ಟುವ ಗೆರೆ, ಮುಟ್ಟಿ ಮುಂದೆ ಹೋಗುವ ಗೆರೆ ಎಂದು ತಿಳಿದದ್ದು ಸ್ಪರ್ಶಕ ಎಂದಾಗ. ಎಲಾಸ್ಟಿಸಿಟಿಗೆ ಅವಳು ಸ್ಥಿತಿಸ್ಥಾಪಕತ್ವ ಎಂದಳು. ಅಷ್ಟುದ್ದದ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ, ಅಡುಗೆಮನೆಯಲ್ಲಿ ಅಜ್ಜಿಯೂ ನಕ್ಕಳು. "ನಗಬ್ಯಾಡ, ಬಿಡಿಸಿ ನೋಡು. ಎಳದ ಬಿಟ್ರ ಮತ್ತ ಮದಲಿನ ಸ್ಥಿತಿಗೆ ಬರೂ ಗುಣ. ಎಲ್ಲಾ ಅದರಾಗ ಐತಿ" ಎಂದಳು ಮಾಣಿಕಾ. ನಾನು ಕನ್ನಡ ಓದಲು ಕಲಿತದ್ದು ಆ ಚಳಿಗಾಲದಲ್ಲಿ, ಅವಳ ಹತ್ತನೇ ತರಗತಿಯ ಗಣಿತದ ಪುಸ್ತಕದಲ್ಲಿ. ಉಳಿದವರು ಅಕ್ಷರ ಕಲಿಯುವುದು ಅರಸ, ಆನೆ ಎಂದು. ನನ್ನ ಮೊದಲ ಕನ್ನಡ ಪದಗಳು ಅಪವರ್ತನ, ವರ್ಗಮೂಲ.

ಡ್ರಾಯಿಂಗಿನಲ್ಲಿ ಅವಳ ಕೈ ನೋಡಬೇಕಿತ್ತು. ಅಲ್ಲಿ ಮಾತಿನ ಕಾಟ ಕಡಿಮೆ. ಶಂಕುವೊಂದನ್ನು ಓರೆಯಾಗಿ ಕತ್ತರಿಸಿದರೆ ಒಳಗೆ ಹೇಗೆ ಕಾಣುತ್ತದೆ ಎಂದು ಮೇಡಂ ಕೇಳಿದರೆ, ನಾವು ಕಣ್ಣು ಮುಚ್ಚಿ ಸೌತೆಕಾಯಿ ನೆನೆಯುವಷ್ಟರಲ್ಲಿ ಅವಳ ಹಾಳೆಯ ಮೇಲೆ ಅದು ಬಂದಿರುತ್ತಿತ್ತು. ಮೇಡಂ ನಡುವಯಸ್ಸಿನವರು, ಗಟ್ಟಿ ದನಿ, ಮೆತ್ತನೆ ಮನಸ್ಸು. ಅವಳ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಹಾಳೆ ಮೇಲಿದ್ದಷ್ಟು ಹೊತ್ತು ಮಾಣಿಕಾ ನೆಲ ನೋಡುತ್ತಿದ್ದಳು, ಕಿವಿ ಮಾತ್ರ ಕೆಂಪಗಾಗುತ್ತಿತ್ತು.

ಉಳಿದ ತರಗತಿಗಳಲ್ಲಿ ಹೀಗಿರಲಿಲ್ಲ. ಅಲ್ಲಿ ಅಧ್ಯಾಪಕರು ಗಾಡಿ ಬಿಡುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಓಡುವವರಂತೆ ಮಾತಾಡುತ್ತಿದ್ದರು. ಭಾನುವಾರಕ್ಕೆ ನಾವು ಹತ್ತು ಶಬ್ದ ಬಿಡಿಸಿದರೆ ಸೋಮವಾರಕ್ಕೆ ನೂರು ಬರುತ್ತಿದ್ದವು. ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಡ್ರಾಯಿಂಗ್, ಗಣಿತ ಎರಡೇ ಪಾಸಾದವು. "ಬ್ಯಾಕ್‌ಲಾಗ್ ಎಲ್ಲಾರಿಗೂ ಇರತಾವ" ಎಂದು ನಾನು ಸಮಾಧಾನ ಹೇಳಿದೆ. "ಹೌದ, ಇರತಾವ" ಎಂದಳು. ಆಮೇಲಿನ ಭಾನುವಾರಗಳಲ್ಲಿ ಅವಳು ರೊಟ್ಟಿ ಅರ್ಧಕ್ಕೇ ಸಾಕೆನ್ನತೊಡಗಿದಳು.

ಎರಡನೆಯ ಸೆಮಿಸ್ಟರಿನ ಕೊನೆಗೆ ಭೌತಶಾಸ್ತ್ರದ ಪ್ರಾಕ್ಟಿಕಲ್. ಹೊರಗಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ಕೆಟ್ಟವರಲ್ಲ, ದಣಿದಿದ್ದರು, ಬೆಳಗಿನಿಂದ ಒಂದೇ ಪ್ರಶ್ನೆ ಕೇಳಿ ಒಂದೇ ಉತ್ತರ ಕೇಳಿಸಿಕೊಂಡಿದ್ದರು. ಮಾಣಿಕಾ ತಂತಿಗೆ ತಟ್ಟೆ ಕಟ್ಟಿ ತಿರುಗಿಸಿ ಬಿಟ್ಟು ಎಣಿಸುವ ಪ್ರಯೋಗವನ್ನು ತಪ್ಪಿಲ್ಲದೆ ಮಾಡಿದ್ದಳು. ಅವರು ಎಲಾಸ್ಟಿಸಿಟಿ ಎಂದರೇನು ಎಂದು ಕೇಳಿದರು. ಅವಳಿಗೆ ಅದು ಎಷ್ಟು ಗೊತ್ತಿತ್ತೆಂದರೆ, ಗೊತ್ತಿದ್ದದ್ದು ಒಳಗಿನಿಂದ ನೇರ ಬಾಯಿಗೆ ಬಂತು.

"ಸ್ಥಿತಿಸ್ಥಾಪಕತ್ವ, ಸರ್."

ಅವರು ತಲೆಯೆತ್ತಿದರು. "ಅದಿ ಮೀ ಊರಿ ಪೇರಾ?" ನಿಮ್ಮ ಊರಿನ ಹೆಸರೇನಮ್ಮಾ ಅದು?

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳ ಹಿಂದೆ ನಾನಿದ್ದೆ. "ಸರ್, ಅವಳಿಗೆ ಗೊತ್ತು, ಕನ್ನಡದಲ್ಲಿ ಸರಿಯಾಗಿಯೇ ಹೇಳಿದಳು" ಎಂದೆ. ನಿನ್ನ ಸರದಿ ಬಂದಾಗ ನೀನು ಮಾತಾಡು ಎಂದರು, ಸಿಟ್ಟೇನೂ ಮಾಡಿಕೊಳ್ಳದೆ. ಮಾಣಿಕಾ ಇಂಗ್ಲಿಷಿನಲ್ಲಿ ಒಂದೆರಡು ಮಾತು ಕೂಡಿಸಲು ನೋಡಿದಳು. ಕೂಡಲಿಲ್ಲ. ಆಗ ಅವಳೂ ಉಳಿದವರ ಜೊತೆ ಸೇರಿ ನಕ್ಕಳು. ಆ ನಗುವೊಂದನ್ನು ಅವಳು ನಗದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಫಲಿತಾಂಶ ಬಂದ ದಿನ ನೋಟಿಸ್ ಬೋರ್ಡಿನ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಅವಳ ಹೆಸರಿನ ಮುಂದೆ ಒಂದು ಇಂಗ್ಲಿಷ್ ಪದವಿತ್ತು. ಎರಡನೆಯ ವರ್ಷಕ್ಕೆ ಹೋಗಲು ಬೇಕಾದಷ್ಟು ವಿಷಯಗಳಲ್ಲಿ ಅವಳು ಪಾಸಾಗಿರಲಿಲ್ಲ.

"ವೀಣಾ, ಡಿಟೇನ್ ಅಂದ್ರ ಏನ?"

ಒಂದು ವರ್ಷ ಅವಳು ಕೇಳಿದ ಪ್ರತಿ ಶಬ್ದವನ್ನೂ ಬಿಡಿಸಿ ಹೇಳಿದ್ದೆ. ಅಂದು ನನ್ನ ಬಾಯಿಗೆ ಕನ್ನಡ ಬರಲಿಲ್ಲ. ಅವಳು ನನ್ನ ಮುಖ ನೋಡಿ, "ಇರಲಿ ಬಿಡು, ತಿಳೀತು" ಎಂದಳು.

ಮರುದಿನ ಶಾಂತಪ್ಪ ಬಂದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಡ್ರಾಯಿಂಗ್ ಮೇಡಂ ಅವರನ್ನು ತಾವೇ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು, ಒಳಗೆ ಜಗಳವಾಡಿದರೆಂದೂ ಕೇಳಿದೆ. ನಿಯಮ ನಿಯಮವೇ. ಅವಳು ಊರಿಗೆ ಹೋಗಿ, ಬಾಕಿ ಪರೀಕ್ಷೆ ಕಟ್ಟಿ, ಮುಂದಿನ ವರ್ಷದ ಹೊಸಬರ ಜೊತೆ ಎರಡನೆಯ ಸೆಮಿಸ್ಟರಿಗೆ ಬಂದು ಸೇರಬೇಕು. ಬಸ್ಸು ಸಂಜೆಗಿತ್ತು. ಅಲ್ಲಿಯ ತನಕ ಅಪ್ಪ ಮಗಳು ನಮ್ಮ ಮನೆಗೆ ಬಂದರು.

ಶಾಂತಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಕುರ್ತಾದ ಭುಜದ ಕಡೆ ಒಂದೆರಡು ಸಲ ನೋಡಿ, "ತಂಗಿ, ತಪ್ಪ ತಿಳೀಬ್ಯಾಡವ್ವಾ, ಅಲ್ಲಿ ಹೊಲಿಗಿ ಬಿಟ್ಟೈತಿ. ಸೂಜಿ ದಾರ ಇದ್ರ ಕೊಡು, ಮ್ಯಾಲ ಬ್ಯಾರೆ ಹಾಕ್ಕೊಂಡ ಬಾ" ಎಂದರು. ಬೇಡವೆನ್ನಲು ಹೋದೆ, ಅಜ್ಜಿ ಕಣ್ಣಲ್ಲೇ ತಡೆದಳು. ಕುರ್ತಾ ಕೈಗೆ ಬಂದ ಮೇಲೆ ಅವರ ಉಸಿರಾಟ ಹದಕ್ಕೆ ಬಂತು. ತಲೆ ತಗ್ಗಿಸಿ ಹೊಲಿಯುತ್ತಲೇ ನಮ್ಮ ಅಪ್ಪನನ್ನು ಕೇಳಿದರು:

"ಪಾಸ್ ಅಂದ್ರ ತಿಳೀತೈತ್ರಿ, ಫೇಲ್ ಅಂದ್ರೂ ತಿಳೀತೈತಿ. ಇವರು ನಿಲ್ಲಿಸೀವಿ ಅಂತಾರ. ನಿಲ್ಲಿಸಿದ್ರ ಎಲ್ಲಿ ನಿಲ್ಲಬೇಕ್ರೀ ಸಾಹೇಬ್ರ ಅಕಿ? ಇಲ್ಲಿ ನಿಲ್ಲಬ್ಯಾಡ ಅಂತಾರ, ಊರಾಗ ನಿಂತ್ರ ಮಂದಿ ನಿಲ್ಲಗೊಡಂಗಿಲ್ಲ."

ಅಪ್ಪ, ಮೂವತ್ತು ವರ್ಷ ಸರ್ಕಾರಿ ಕಡತಗಳಿಗೆ ಉತ್ತರ ಬರೆದವರು, ಚಹಾದ ಕಪ್ಪನ್ನು ಅವರ ಹತ್ತಿರ ಸರಿಸಿದರು. ಅಜ್ಜಿ ಬಾಗಿಲ ಹತ್ತಿರದಿಂದ ಹೇಳಿದಳು: "ನನ್ನ ನಾಕನೇತ್ತಕ್ಕ ಸಾಲಿ ಬಿಡಿಸಿದ್ರು. ಬಿಡಿಸೀವಿ ಅಂತ ಬಾಯಿ ಬಿಟ್ಟನ ಹೇಳಿದ್ರು. ಅತ್ತು ಮುಗಿಸಿದೆ. ಈಗಿನವ್ರು ಬಾಗಲಾ ಹಾಕೂದಿಲ್ಲ, ತೆರಿಯೂದೂ ಇಲ್ಲ." ಮಾಣಿಕಾ ಮೂಲೆಯಲ್ಲಿ ಕೂತು ತನ್ನ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನನಗೆ, "ಬರ್ತೀನಿ ನೋಡು, ಬರದ ಇರಂಗಿಲ್ಲ" ಎಂದಳು.

ಬಂದಳು ಕೂಡ. ನಾನು ಎರಡನೆಯ ವರ್ಷದ ಕೊನೆಯ ಭಾಗದಲ್ಲಿದ್ದೆ, ಅವಳು ಮತ್ತೆ ಮೊದಲನೆಯ ವರ್ಷದಲ್ಲಿ. ಅಷ್ಟರಲ್ಲಿ ಪಠ್ಯಕ್ರಮ ಬದಲಾಗಿತ್ತು, ಹೊಸ ವಿಷಯಗಳು ಸೇರಿದ್ದವು, ಹಳೆಯ ಬಾಕಿಯ ಮೇಲೆ ಹೊಸ ಬಾಕಿ. ಒಂದು ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ಡ್ರಾಯಿಂಗ್ ಹಾಲಿನ ಬಾಗಿಲಿಗೆ ಹೋದೆ. ಹೊಸ ಹುಡುಗಿಯರಿಬ್ಬರು ಅವಳನ್ನು ಹಾಲಿನ ಸಹಾಯಕಿ ಎಂದುಕೊಂಡು, "ಅಕ್ಕಾ, ಕ್ಲಿಪ್ಪುಲು ಉನ್ನಾಯಾ?" ಎಂದು ಕೇಳುತ್ತಿದ್ದರು. ಅವಳು ತನ್ನ ಹಲಗೆಯ ಕ್ಲಿಪ್ಪುಗಳನ್ನು ಕಳಚಿ ಕೊಟ್ಟಳು. ಅವಳ ಹಾಳೆ ಜಾರಿ ಸುರುಳಿಯಾಯಿತು. ನನ್ನನ್ನು ನೋಡಿ ಕೈಯಾಡಿಸಿದಳು.

ರಜೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಫೋನು ಮಾಡಿದರೆ ಮೊದಲು "ಮುಂದಿನ ವಾರ" ಎನ್ನುತ್ತಿದ್ದಳು, ಆಮೇಲೆ ಅವಳ ತಮ್ಮ ಎತ್ತುತ್ತಿದ್ದ, ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು. ನಾನು ಓದು ಮುಗಿಸಿದೆ, ಕೆಲಸಕ್ಕೆ ಸೇರಿದೆ. ಅಜ್ಜಿ ತೀರಿಕೊಂಡಳು.

ಹೋದ ವರ್ಷ ನಮ್ಮ ಆಫೀಸಿಗೆ ಸರ್ಕಾರಿ ಶಾಲೆಗಳ ದುರಸ್ತಿಯ ಕೆಲಸ ಬಂತು. ಗಡಿಯ ಕಡೆಯ ಊರುಗಳನ್ನು ಯಾರೂ ಮುಟ್ಟಲಿಲ್ಲ, ದೂರ. ನಾನು ಕೇಳಿ ತೆಗೆದುಕೊಂಡೆ. ಅವಳ ಊರಿನ ಶಾಲೆಯ ಅಂಗಳದಲ್ಲಿ ಇಳಿದು ಮಾಣಿಕಮ್ಮ ಎಂಬುವವರು ಈ ಊರಲ್ಲಿದ್ದಾರೆಯೇ ಎಂದು ಕೇಳಿದರೆ, "ನಮ್ಮ ಟೀಚರ್ ಏನ್ರಿ?" ಎಂದು ಮಕ್ಕಳು ಒಳಗೆ ಓಡಿದರು.

ಅವಳು ದಪ್ಪಗಾಗಿದ್ದಳು, ಕಣ್ಣಿಗೆ ಕನ್ನಡಕ ಬಂದಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು ನಿಂತಳು. ಅದೇ ಊರಿನವನನ್ನು ಮದುವೆಯಾಗಿದ್ದಳು. ಖಾಸಗಿಯಾಗಿ ಬಿಎ ಮಾಡಿ, ಖಾಯಂ ಅಲ್ಲದ ಕೆಲಸದಲ್ಲಿ ಗಣಿತ ಕಲಿಸುತ್ತಿದ್ದಳು. ಶಾಂತಪ್ಪನವರಿಗೆ ಕಣ್ಣು ಮಂದವಾಗಿ ಹೊಲಿಗೆ ಬಿಟ್ಟಿದ್ದರು.

ತರಗತಿಯ ಹಲಗೆಯ ಮೇಲೆ ದುಂಡನೆಯ ವೃತ್ತವಿತ್ತು, ಕೈವಾರವಿಲ್ಲದೆ ಬರೆದದ್ದು. ಅವಳ ಕೈ ಹಾಗೇ ಇತ್ತು. ವೃತ್ತದ ಸುತ್ತ ರೇಡಿಯಸ್, ಡಯಾಮೀಟರ್, ಟ್ಯಾಂಜೆಂಟ್ ಎಂದು ಇಂಗ್ಲಿಷಿನಲ್ಲಿ ಮಾತ್ರ ಬರೆದಿದ್ದಳು.

"ತ್ರಿಜ್ಯ ಎಲ್ಲಿ ಹೋತು ಮಾಣಿಕಾ?" ಎಂದೆ, ನಗುತ್ತ. ಅವಳು ನಗಲಿಲ್ಲ.

"ಈಗ ಇಲ್ಲೂ ಇಂಗ್ಲಿಷ್ ಮೀಡಿಯಂ. ಅದಿರದಿದ್ರೂ ನಾ ಹೇಳಿಕೊಡ್ತಿದ್ದಿಲ್ಲ."

"ನಾ ಅವನ್ನೆಲ್ಲಾ ಇನ್ನೂ ಇಟ್ಕೊಂಡೀನಿ. ದಿನಾ ಅಂತೀನಿ. ಎಷ್ಟ ಚಂದ ಅದಾವ."

"ನಿನಗ ಚಂದ ಕಾಣತಾವ ವೀಣಾ. ನಿನಗ ಇಂಗ್ಲಿಷಿನ ಮ್ಯಾಲ ಅವು ಹೆಚ್ಚಿಗಿ ಸಿಕ್ಕಾವ. ನನಗ ಅವಷ್ಟ ಇದ್ದೂ."

ಟೇಪು ಹಿಡಿದು ಗೋಡೆ ಅಳೆಯತೊಡಗಿದೆ, ಇನ್ನೊಂದು ತುದಿಯನ್ನು ಅವಳೇ ಹಿಡಿದಳು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳ ಬೆಂಚಿನ ಮೇಲೆ ಕೂತು ಬಸ್ಸಿಗಾಗಿ ಕಾಯುತ್ತಿದ್ದೆವು. ಅವಳು ಕೇಳಿದಳು:

"ಎರಡನೇ ವರ್ಷದಾಗ ಏನ ಕಲಿಸಿದ್ರು?"

"ಹಾಂ?"

"ನಮ್ಮ ಕಾಲೇಜಿನಾಗ. ಎರಡನೇ ವರ್ಷದಾಗ ಏನಿತ್ತು ಅಂತ."

ಹೇಳಿದೆ. ಬಿಸಿಲಲ್ಲಿ ಕಾಲೇಜಿನ ಹಿಂದಿನ ಗುಡ್ಡ ಅಳೆಯಲು ಕಳಿಸಿದ್ದನ್ನು ಹೇಳಿದೆ. ನೀರು ಕೊಳವೆಯಲ್ಲಿ ಹೇಗೆ ಓಡುತ್ತದೆ, ಮಣ್ಣು ಎಷ್ಟು ಭಾರ ತಡೆಯುತ್ತದೆ, ತೊಲೆ ಹೇಗೆ ಬಾಗುತ್ತದೆ. ಅವಳು ಕೆನ್ನೆಗೆ ಕೈ ಹಚ್ಚಿ ಕೇಳುತ್ತಿದ್ದಳು.

"ತೊಲಿ ಬಾಗಿದ್ರ ಮ್ಯಾಲಿನ ಕಡೆ ಏನಾಗತೈತಿ?"

"ಒತ್ತಿಕೋತೈತಿ. ಕೆಳಗಿನದು ಹಿಗ್ಗತೈತಿ."

"ನಡುವ?"

"ನಡುವ ಒಂದ ಪದರ ಇರತೈತಿ. ಅದು ಕುಗ್ಗೂದೂ ಇಲ್ಲ, ಹಿಗ್ಗೂದೂ ಇಲ್ಲ."

ಅವಳು ಮೇಜಿನ ಮೇಲಿದ್ದ ಸ್ಕೇಲನ್ನು ತೆಗೆದುಕೊಂಡು ಎರಡೂ ತುದಿ ಹಿಡಿದು ನಿಧಾನವಾಗಿ ಬಾಗಿಸಿ, ಅಂಚನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ರಸ್ತೆಯ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ನಾನು ಅವಸರದಲ್ಲಿ, "ಆಮ್ಯಾಲ ಮೂರನೇ ವರ್ಷದಾಗ..." ಎಂದು ಸುರುಮಾಡಿದೆ.

"ತಡಿಯವ್ವಾ" ಎಂದಳು ಮಾಣಿಕಾ, ಸ್ಕೇಲಿನಿಂದ ಕಣ್ಣು ತೆಗೆಯದೆ. "ಮೂರನೇದು ಈಗ ಬ್ಯಾಡ. ಈಗಷ್ಟ ಎರಡನೇದಕ್ಕ ಬಂದೀನಿ."